ಅರ್ಧಚ್ಛೇದದಿಂದ ಬೀಜಾತೀತ ಸಂಖ್ಯೆಯವರೆಗೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಕೇವಲಜ್ಞಾನ ಕಲ್ಯಾಣದ ದಿನ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

   

ಪಂಚಕಲ್ಯಾಣಗಳಲ್ಲಿ ನಾಲ್ಕನೆಯದಾದ ಕೇವಲಜ್ಞಾನ ಕಲ್ಯಾಣದ ಈ ಶುಭದಿನದಂದು ಜ್ಞಾನಕ್ಕೆ ಸಂಬಂಧಿಸಿದ ವಿಷಯವೊಂದನ್ನು ಸಭೆಯ ಮುಂದಿಡುವುದು ಉಚಿತವಾಗಿದೆ. ಇಂದಿನ ವಿಷಯ ಗಣಿತ. ಅದರಲ್ಲಿಯೂ ಶಾಲೆಯ ಮಕ್ಕಳು ಲಘುಗಣಕವೆಂದು ಕಲಿಯುವ ಸಂಖ್ಯೆಗಳು, ಅವುಗಳ ಮುಗಿಯದ ದಶಮಾಂಶ ವಿಸ್ತರಣೆ, ಮತ್ತು ಆ ವಿಸ್ತರಣೆಯ ಹಿಂದೆ ಅಡಗಿರುವ ಬೀಜಾತೀತತ್ವವೆಂಬ ಗುಣ. ಜಿನಾಲಯದ ಪ್ರತಿಷ್ಠೆಗೂ ಲೆಕ್ಕಕ್ಕೂ ಏನು ಸಂಬಂಧವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಆದರೆ ಜಿನವಾಣಿಯು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗಗಳೆಂದು ನಾಲ್ಕು ಬಗೆಯಾಗಿದೆಯಷ್ಟೆ. ಅವುಗಳಲ್ಲಿ ಕರಣಾನುಯೋಗವು ಗಣಿತವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಲೋಕದ ವಿಸ್ತಾರ, ಜೀವರಾಶಿಯ ಪ್ರಮಾಣ, ಕರ್ಮಸ್ಥಿತಿಯ ಕಾಲ, ಇವೆಲ್ಲವೂ ಸಂಖ್ಯೆಯ ಮೂಲಕವೇ ನಿರೂಪಿತವಾಗಿವೆ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವು ನಶಿಸಿಹೋಗುವ ಭಯದಿಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ತಮ್ಮ ಜ್ಞಾನವನ್ನು ಧಾರೆಯೆರೆದುದು, ಅವರಿಂದ ಷಟ್ಖಂಡಾಗಮವು ಲಿಪಿಬದ್ಧವಾದುದು, ಜ್ಯೇಷ್ಠ ಶುದ್ಧ ಪಂಚಮಿಯಂದು ಅದರ ಪೂಜೆ ನಡೆದು ಶ್ರುತಪಂಚಮಿಯ ಪರ್ವವಾದುದು ಎಲ್ಲರಿಗೂ ತಿಳಿದ ಸಂಗತಿ. ಆ ಮಹಾಗ್ರಂಥಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು 72,000 ಶ್ಲೋಕಪ್ರಮಾಣದ್ದು. ಅದು ಮುಗಿದದ್ದು ಶಕ ವರ್ಷ 738, ಅಂದರೆ ಕ್ರಿ.ಶ. 816ರಲ್ಲಿ ಎಂದು ಅದನ್ನು ಸಂಪಾದಿಸಿದ ವಿದ್ವಾಂಸರು ಎಣಿಸಿದ್ದಾರೆ. ಪ್ರಾಕೃತ ಸಂಸ್ಕೃತಗಳು ಬೆರೆತ ಆ ಟೀಕೆಯಲ್ಲಿ ಜೀವರಾಶಿಗಳ ಪ್ರಮಾಣವನ್ನು ವಿವರಿಸುವ ಭಾಗಗಳು ಗಣಿತದ ಗಣಿಯೇ ಆಗಿವೆ.

ಅಲ್ಲಿ ಬರುವ ಒಂದು ಪಾರಿಭಾಷಿಕ ಪದ ‘ಅರ್ಧಚ್ಛೇದ’. ಒಂದು ಸಂಖ್ಯೆಯನ್ನು ಅರ್ಧ ಮಾಡಬೇಕು, ಬಂದುದನ್ನು ಮತ್ತೆ ಅರ್ಧ ಮಾಡಬೇಕು, ಕೊನೆಗೆ ಒಂದು ಉಳಿಯುವವರೆಗೆ ಹೀಗೆ ಎಷ್ಟು ಸಲ ಮಾಡಬಹುದೋ ಅಷ್ಟು ಆ ಸಂಖ್ಯೆಯ ಅರ್ಧಚ್ಛೇದ. 8ನ್ನು ಅರ್ಧಿಸಿದರೆ 4, ಅದರ ಅರ್ಧ 2, ಅದರ ಅರ್ಧ 1. ಆದುದರಿಂದ 8ರ ಅರ್ಧಚ್ಛೇದ 3. ಹಾಗೆಯೇ 32ರದು 5, 256ರದು 8. ಮೂರರಿಂದ ಭಾಗಿಸುತ್ತಾ ಹೋದರೆ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುತ್ತಾ ಹೋದರೆ ಚತುರ್ಥಚ್ಛೇದ. ಅರ್ಧಚ್ಛೇದದ ಅರ್ಧಚ್ಛೇದಕ್ಕೆ ವರ್ಗಶಲಾಕೆ ಎಂದು ಹೆಸರು. ಆಧುನಿಕ ಪರಿಭಾಷೆಯಲ್ಲಿ ಇವು ಕ್ರಮವಾಗಿ 2, 3, 4ನ್ನು ಆಧಾರಸಂಖ್ಯೆಯಾಗಿ ಉಳ್ಳ ಲಘುಗಣಕಗಳು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಡಾ. ಅವಧೇಶ ನಾರಾಯಣ ಸಿಂಹ ಅವರು 1942ರಲ್ಲಿ ಧವಲಾದ ನಾಲ್ಕನೆಯ ಸಂಪುಟಕ್ಕೆ ಬರೆದ ಪ್ರಬಂಧದಲ್ಲಿ ಇದನ್ನು ವಿದ್ವಲ್ಲೋಕಕ್ಕೆ ಸ್ಪಷ್ಟಪಡಿಸಿದರು.

ಪದ ಮಾತ್ರವಲ್ಲ, ನಿಯಮಗಳೂ ಅಲ್ಲಿವೆ. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತ. ಭಾಗಲಬ್ಧದ ಅರ್ಧಚ್ಛೇದವು ಅವುಗಳ ವ್ಯತ್ಯಾಸ. 8ನ್ನು 32ರಿಂದ ಗುಣಿಸಿದರೆ 256. ಅರ್ಧಚ್ಛೇದಗಳಲ್ಲಿ ನೋಡಿದರೆ 3 ಮತ್ತು 5 ಸೇರಿ 8. ಗುಣಾಕಾರವು ಸಂಕಲನವಾಗಿ ಹಗುರಾಯಿತು. ಲಘುಗಣಕದ ಜೀವಾಳವೇ ಇದು. ಇವೇ ನಿಯಮಗಳನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿಯೂ ಗಾಥಾರೂಪದಲ್ಲಿ ಹೇಳಿದ್ದಾರೆ.

ಈ ಪರಿಕಲ್ಪನೆ ಆಚಾರ್ಯರಿಗೆ ಏಕೆ ಬೇಕಾಯಿತು? ಅವರು ಎಣಿಸಬೇಕಾಗಿದ್ದ ರಾಶಿಗಳು ಅಷ್ಟು ದೊಡ್ಡವು. ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯಷ್ಟು ಸಲ ಇಟ್ಟು ಪರಸ್ಪರ ಗುಣಿಸುವುದಕ್ಕೆ ವರ್ಗಿತಸಂವರ್ಗಿತ ಎಂದು ಹೆಸರು. ಎರಡನ್ನು ಒಮ್ಮೆ ಹೀಗೆ ಮಾಡಿದರೆ 4. ನಾಲ್ಕನ್ನು ಮತ್ತೆ ಹೀಗೆ ಮಾಡಿದರೆ 256. ಮೂರನೆಯ ಸಲ 256ನ್ನು 256 ಬಾರಿ ಇಟ್ಟು ಗುಣಿಸಬೇಕು. ಬರುವ ಸಂಖ್ಯೆಯನ್ನು ಬರೆದರೆ 617 ಅಂಕಿಗಳಾಗುತ್ತವೆ. ಅದನ್ನು ಬರೆಯುತ್ತಾ ಕುಳಿತರೆ ಓಲೆಗಳು ತುಂಬಿಹೋಗುತ್ತವೆ. ಆದರೆ ಅದರ ಅರ್ಧಚ್ಛೇದ 2048 ಮಾತ್ರ. ಅದರ ವರ್ಗಶಲಾಕೆ ಕೇವಲ 11. ಈ 11 ಕೂಡ ಲೆಕ್ಕ ಹಾಕದೆಯೇ ದೊರೆಯುತ್ತದೆ: 256ರ ಅರ್ಧಚ್ಛೇದ 8, ವರ್ಗಶಲಾಕೆ 3, ಎರಡನ್ನೂ ಕೂಡಿದರೆ 11. ಮಹಾರಾಶಿಯನ್ನು ಪುಟ್ಟ ಸಂಖ್ಯೆಯೊಂದರಲ್ಲಿ ಹಿಡಿದಿಡುವ ಈ ಉಪಾಯವೇ ಅರ್ಧಚ್ಛೇದದ ಮಹಿಮೆ.

ಇನ್ನೊಂದು ಉದಾಹರಣೆ ಗೊಮ್ಮಟಸಾರದ ಜೀವಕಾಂಡದಲ್ಲಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರರು ಅಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು 29 ಅಂಕಿಗಳಲ್ಲಿ ಹೇಳಿದ್ದಾರೆ. ಆ ಸಂಖ್ಯೆ 79,22,81,62,51,42,64,33,75,93,54,39,50,336. ಅಂಕಿಗಳನ್ನು ನೇರವಾಗಿ ಹೇಳದೆ, ಕಟಪಯಾದಿ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯಂತೆ ಒಂದೇ ಗಾಥೆಯಲ್ಲಿ ಅಡಗಿಸಿದ್ದಾರೆ. ಗಾಥೆಯ ಮೊದಲ ಅಕ್ಷರ ‘ತ’ಕಾರ, ಅದರ ಬೆಲೆ 6, ಅದು ಸಂಖ್ಯೆಯ ಬಿಡಿ ಸ್ಥಾನದ ಅಂಕಿ. ಹೀಗೆ ಬಲದಿಂದ ಎಡಕ್ಕೆ ಸಾಗಿ, ಕೊನೆಯ ‘ಸ’ಕಾರ ತುತ್ತತುದಿಯ 7ನ್ನು ಸೂಚಿಸುತ್ತದೆ. ಅಕ್ಷರಕ್ಕೊಂದು ಅಂಕಿಯಿಟ್ಟು ಪರಿಶೀಲಿಸಿದರೆ 29 ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಈ ಸಂಖ್ಯೆಯಾದರೋ ಎರಡನ್ನು 96 ಸಲ ಇಟ್ಟು ಗುಣಿಸಿದಾಗ ಬರುವ ಸಂಖ್ಯೆ. ಅದರ ಅರ್ಧಚ್ಛೇದ 96. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರದಲ್ಲಿಯೂ ಇದನ್ನೇ, ಎರಡರಿಂದ 96 ಸಲ ಭಾಗಿಸಬಹುದಾದ ಸಂಖ್ಯೆಯೆಂದು ಹೇಳಲಾಗಿದೆ.

ಇಲ್ಲಿ ಒಂದು ಕುತೂಹಲ ಹುಟ್ಟುತ್ತದೆ. ಅರ್ಧಚ್ಛೇದ 96 ಎಂದು ತಿಳಿದ ಮೇಲೆ, ಸಂಖ್ಯೆಯನ್ನು ಬರೆದು ನೋಡದೆಯೇ ಅದಕ್ಕೆ 29 ಅಂಕಿಸ್ಥಾನಗಳೆಂದು ಹೇಳಬಹುದೇ? ಅರ್ಧಚ್ಛೇದಕ್ಕೂ ಅಂಕಿಸ್ಥಾನಕ್ಕೂ ಇರುವ ನಂಟು ಯಾವುದು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದವರು ಗಣಿತದ ಅತ್ಯಂತ ಆಳವಾದ ನೀರಿಗೆ ಇಳಿಯುತ್ತಾರೆ.

ಎರಡನ್ನು 10 ಸಲ ಇಟ್ಟು ಗುಣಿಸಿದರೆ 1024. ಅದರಲ್ಲಿ 4 ಅಂಕಿ. ಒಂದನ್ನು ಕಳೆದರೆ 3. ನೂರು ಸಲ ಗುಣಿಸಿದರೆ ಬರುವ ಸಂಖ್ಯೆಯಲ್ಲಿ 31 ಅಂಕಿ. ಒಂದನ್ನು ಕಳೆದರೆ 30. ಸಾವಿರ ಸಲಕ್ಕೆ 302 ಅಂಕಿ. ಒಂದು ಕಳೆದರೆ 301. ಹತ್ತು ಸಾವಿರ ಸಲಕ್ಕೆ 3010. ಲಕ್ಷ ಸಲಕ್ಕೆ 30,102. ಹತ್ತು ಲಕ್ಷ ಸಲಕ್ಕೆ 3,01,029. ಈ ಸಾಲನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಹಳೆಯ ಅಂಕಿಗಳು ಹಾಗೆಯೇ ಉಳಿದು ಪ್ರತಿ ಸಲವೂ ಹೊಸದೊಂದು ಅಂಕಿ ಬಲಕ್ಕೆ ಸೇರುತ್ತಿದೆ: 3, 30, 301, 3010, 30102, 301029. ಲಾಗ್ ಟೇಬಲನ್ನು ಬಳಸಿ ಓದಿದ ಹಿರಿಯರಿಗೆ 0.3010 ಎಂಬುದು ಬಾಯಿಪಾಠವಾಗಿರುತ್ತದೆ. ಹತ್ತನ್ನು ಆಧಾರವಾಗಿಟ್ಟುಕೊಂಡ ಎರಡರ ಲಘುಗಣಕ ಅದು. ಅದನ್ನು ಇನ್ನೂ ಮುಂದುವರಿಸಿದರೆ 0.30102999566398119521 ಎಂದು ಸಾಗುತ್ತದೆ. ಹೀಗೆ ಎರಡರ ಲಘುಗಣಕದ ದಶಮಾಂಶ ವಿಸ್ತರಣೆಯೆಂದರೆ ಬೇರೇನೂ ಅಲ್ಲ; ಅರ್ಧಚ್ಛೇದವು ಹತ್ತುಪಟ್ಟಾದಂತೆಲ್ಲ ಅಂಕಿಸ್ಥಾನಗಳು ಎಷ್ಟಾಗುತ್ತವೆ ಎಂಬ ಲೆಕ್ಕ. 96ನ್ನು ಇದರಿಂದ ಗುಣಿಸಿದರೆ 28.898 ಬರುತ್ತದೆ. 28ಕ್ಕೆ ಒಂದು ಸೇರಿಸಿದರೆ 29. ನೇಮಿಚಂದ್ರರ ಗಾಥೆಯ ಅಕ್ಷರಗಳಷ್ಟೇ!

ಈ ಅಂಕಿಗಳ ಸಾಲು ಎಲ್ಲಿಯಾದರೂ ಮುಗಿಯುತ್ತದೆಯೇ? ಮುಗಿಯದಿದ್ದರೆ, ಒಂದು ಹಂತದ ಮೇಲೆ ಅದೇ ಅಂಕಿಗಳು ಮರಳಿ ಮರಳಿ ಬರುತ್ತವೆಯೇ? ಒಂದನ್ನು ಏಳರಿಂದ ಭಾಗಿಸಿದಾಗ 0.142857 ಬಂದು, ಮತ್ತೆ 142857 ಎಂದು ಅದೇ ಸುತ್ತು ತಿರುಗುತ್ತದೆ. ಇದಕ್ಕೆ ಕಾರಣ ಸರಳ. ಏಳರಿಂದ ಭಾಗಿಸುವಾಗ ಉಳಿಯುವ ಶೇಷ 1ರಿಂದ 6ರೊಳಗಿನದೇ ಆಗಬೇಕು. ಆರು ಹೆಜ್ಜೆಗಳೊಳಗೆ ಹಿಂದೆ ಬಂದ ಶೇಷವೇ ಮತ್ತೆ ಬರಲೇಬೇಕು. ಶೇಷ ಮರಳಿದರೆ ಅಂಕಿಗಳೂ ಮರಳುತ್ತವೆ. ಎರಡು ಪೂರ್ಣಾಂಕಗಳ ಭಾಗಾಕಾರದಿಂದ ಹುಟ್ಟಿದ ಯಾವ ಸಂಖ್ಯೆಯೇ ಆಗಲಿ, ಒಂದೋ ಮುಗಿಯುತ್ತದೆ, ಇಲ್ಲವೇ ಸುತ್ತುತ್ತದೆ. ಇವು ಭಾಗಲಬ್ಧ ಸಂಖ್ಯೆಗಳು.

ಎರಡರ ಲಘುಗಣಕ ಅಂಥದಲ್ಲ. ಅದನ್ನು ಸಾಧಿಸಲು ಪಂಡಿತನೇ ಬೇಕಾಗಿಲ್ಲ. ಅದು ಎರಡು ಪೂರ್ಣಾಂಕಗಳ ಭಾಗಾಕಾರವೆಂದು ಕ್ಷಣಕಾಲ ಒಪ್ಪಿಕೊಳ್ಳೋಣವೆಂದರೆ, ಹತ್ತನ್ನು ಕೆಲವು ಸಲ ಇಟ್ಟು ಗುಣಿಸಿದ ಸಂಖ್ಯೆಯೂ ಎರಡನ್ನು ಕೆಲವು ಸಲ ಇಟ್ಟು ಗುಣಿಸಿದ ಸಂಖ್ಯೆಯೂ ಸಮವಾಗಬೇಕಾಗುತ್ತದೆ. ಮೊದಲನೆಯದನ್ನು ಐದರಿಂದ ನಿಶ್ಶೇಷವಾಗಿ ಭಾಗಿಸಬಹುದು, ಎರಡನೆಯದನ್ನು ಎಂದಿಗೂ ಭಾಗಿಸಲಾಗದು. ಆದುದರಿಂದ ಆ ಎಣಿಕೆ ಅಸಂಭವ. ಮೂರರ ಅರ್ಧಚ್ಛೇದಕ್ಕೂ ಇದೇ ನ್ಯಾಯ. ಮೂರನ್ನು ಅರ್ಧಿಸಿದರೆ ಒಂದೂವರೆ. ಮುಂದೆ ಒಂದು ಎಂದಿಗೂ ಬಾರದು. ಅದಕ್ಕೆ ಬೆಲೆ ಕೊಡಲೇಬೇಕಾದರೆ 1.58496250072 ಎಂದು ಮೊದಲಾಗುವ ಸಂಖ್ಯೆಯನ್ನು ಕೊಡಬೇಕು. ಎರಡರ ಘಾತಗಳೆಲ್ಲ ಸಮ, ಮೂರರ ಘಾತಗಳೆಲ್ಲ ಬೆಸ. ಎರಡನ್ನು 19 ಸಲ ಗುಣಿಸಿದರೆ 5,24,288. ಮೂರನ್ನು 12 ಸಲ ಗುಣಿಸಿದರೆ 5,31,441. ಸಮೀಪಕ್ಕೆ ಬರುತ್ತವೆ, ಸೇರುವುದಿಲ್ಲ. ಆದುದರಿಂದ ಈ ಸಂಖ್ಯೆಗಳ ದಶಮಾಂಶ ವಿಸ್ತರಣೆಗೆ ಕೊನೆಯೂ ಇಲ್ಲ, ಪುನರಾವರ್ತನೆಯ ಸುತ್ತೂ ಇಲ್ಲ. ಇವು ಅಭಾಗಲಬ್ಧ ಸಂಖ್ಯೆಗಳು.

ಆದರೆ ಅಭಾಗಲಬ್ಧಗಳೆಲ್ಲ ಒಂದೇ ಜಾತಿಯವಲ್ಲ. ಎರಡರ ವರ್ಗಮೂಲವೂ ಅಭಾಗಲಬ್ಧವೇ, 1.41421356 ಎಂದು ಮುಗಿಯದೆ ಸಾಗುತ್ತದೆ. ಆದರೂ ಅದಕ್ಕೊಂದು ಕಟ್ಟು ಇದೆ. ಅದನ್ನು ಅದರಿಂದಲೇ ಗುಣಿಸಿದರೆ ಎರಡು ಬಂದುಬಿಡುತ್ತದೆ. ಪೂರ್ಣಾಂಕಗಳಿಂದ ಕಟ್ಟಿದ ಒಂದಲ್ಲ ಒಂದು ಬೀಜಗಣಿತದ ಸಮೀಕರಣಕ್ಕೆ ಒಳಪಡುವ ಇಂಥ ಸಂಖ್ಯೆಗಳನ್ನು ಬೈಜಿಕ ಸಂಖ್ಯೆಗಳೆನ್ನುತ್ತಾರೆ. ಅಂಥ ಯಾವ ಸಮೀಕರಣಕ್ಕೂ, ಅದೆಷ್ಟೇ ಉದ್ದವಾಗಿರಲಿ, ಒಳಪಡದ ಸಂಖ್ಯೆ ಬೀಜಾತೀತ. ಸಂಕಲನ, ಗುಣಾಕಾರಗಳನ್ನು ಎಷ್ಟು ಸಲ ಹೆಣೆದರೂ ಅದನ್ನು ಪೂರ್ಣಾಂಕದ ನೆಲೆಗೆ ಮರಳಿ ತರಲಾಗದು.

ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಮಹಾಗಣಿತಜ್ಞ ಆಯ್ಲರ್ 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಭಾಗಲಬ್ಧ ಸಂಖ್ಯೆಗಳ ಲಘುಗಣಕಗಳು ಭಾಗಲಬ್ಧಗಳಲ್ಲದಿದ್ದರೆ ಬೀಜಾತೀತಗಳೇ ಆಗಿರಬೇಕೆಂದು ಹೇಳಿದನು. ಹೇಳಿದನೇ ಹೊರತು ಸಾಧಿಸಲಿಲ್ಲ. ಅಂದಿಗೆ ಬೀಜಾತೀತ ಸಂಖ್ಯೆಯೊಂದು ಇದೆಯೆಂಬುದಕ್ಕೇ ಪ್ರಮಾಣವಿರಲಿಲ್ಲ. ಫ್ರಾನ್ಸಿನ ಲಿಯೂವಿಲ್ 1844ರಲ್ಲಿ ಅಂಥ ಸಂಖ್ಯೆಗಳು ಇವೆಯೆಂದು ಮೊದಲು ತೋರಿಸಿದನು. 1873ರಲ್ಲಿ ಹರ್ಮೀಟ್ ಎಂಬಾತ ಸ್ವಾಭಾವಿಕ ಲಘುಗಣಕದ ಆಧಾರಸಂಖ್ಯೆಯಾದ 2.71828... ಬೀಜಾತೀತವೆಂದು ಸಾಧಿಸಿದನು. 1882ರಲ್ಲಿ ಜರ್ಮನಿಯ ಲಿಂಡೆಮನ್ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು ಕುರಿತು ಅದನ್ನೇ ಸಾಧಿಸಿದನು; ಅದೇ ಪ್ರಮೇಯದಿಂದ ಎರಡರ ಸ್ವಾಭಾವಿಕ ಲಘುಗಣಕವಾದ 0.69314718... ಎಂಬುದೂ ಬೀಜಾತೀತವೆಂದು ಸಿದ್ಧವಾಯಿತು. ಆದರೆ ಎರಡರ ದಶಮಾನ ಲಘುಗಣಕ, ಮೂರರ ಅರ್ಧಚ್ಛೇದ, ಇವು ಇನ್ನೂ ಕೈಗೆ ಸಿಕ್ಕಿರಲಿಲ್ಲ.

1900ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಗಣಿತಜ್ಞರ ಮಹಾಸಭೆಯಲ್ಲಿ ಹಿಲ್ಬರ್ಟ್ ಮುಂದಿನ ಶತಮಾನಕ್ಕೆಂದು ಬಿಡಿಸಬೇಕಾದ ಸಮಸ್ಯೆಗಳನ್ನು ಮುಂದಿಟ್ಟನು. ಅವುಗಳ ಪಟ್ಟಿಯಲ್ಲಿ ಏಳನೆಯದು ಇದೇ. ಬೈಜಿಕ ಸಂಖ್ಯೆಯೊಂದನ್ನು ಅಭಾಗಲಬ್ಧವಾದ ಬೈಜಿಕ ಘಾತಕ್ಕೆ ಏರಿಸಿದರೆ ಬರುವುದು ಬೀಜಾತೀತವೇ? 1920ರ ಸುಮಾರಿಗೆ ಒಂದು ಉಪನ್ಯಾಸದಲ್ಲಿ ಹಿಲ್ಬರ್ಟ್, ಈ ಸಮಸ್ಯೆಯ ಪರಿಹಾರವನ್ನು ಈ ಸಭೆಯಲ್ಲಿರುವ ಯಾರೂ ಕಾಣಲಾರರೆಂದು ಹೇಳಿದುದಾಗಿ ಶ್ರೋತೃಗಳಲ್ಲಿ ಒಬ್ಬನಾಗಿದ್ದ ಸೀಗೆಲ್ ಮುಂದೆ ನೆನಪಿಸಿಕೊಂಡಿದ್ದಾನೆ. ಆದರೆ 1934ರಲ್ಲಿ ರಷ್ಯದ ಗೆಲ್ಫಾಂಡ್ ಮತ್ತು ಜರ್ಮನಿಯ ಶ್ನೈಡರ್ ಎಂಬಿಬ್ಬರು ತರುಣರು, ಒಬ್ಬರನ್ನೊಬ್ಬರು ಅವಲಂಬಿಸದೆಯೇ, ಅದನ್ನು ಬಿಡಿಸಿದರು. ಹಿಲ್ಬರ್ಟ್ ಆಗ ಜೀವಿಸಿದ್ದನು.

ಆ ಪ್ರಮೇಯದಿಂದ ಲಘುಗಣಕದ ಸ್ವರೂಪ ಎರಡೇ ಮಾತಿನಲ್ಲಿ ಬಯಲಾಗುತ್ತದೆ. ಎರಡರ ದಶಮಾನ ಲಘುಗಣಕ ಅಭಾಗಲಬ್ಧವೆಂದು ಮೊದಲೇ ಸಿದ್ಧವಾಗಿದೆ. ಅದು ಬೈಜಿಕವೂ ಆಗಿದ್ದಿದ್ದರೆ, ಹತ್ತನ್ನು ಆ ಘಾತಕ್ಕೆ ಏರಿಸಿದಾಗ ಬೀಜಾತೀತ ಸಂಖ್ಯೆಯೇ ಬರಬೇಕಾಗಿತ್ತು. ಬರುವುದಾದರೋ ಎರಡು, ಸಾಕ್ಷಾತ್ ಪೂರ್ಣಾಂಕ. ಆದುದರಿಂದ ಅದು ಬೈಜಿಕವಲ್ಲ, ಬೀಜಾತೀತ. ಇದೇ ನ್ಯಾಯವನ್ನು ವೀರಸೇನಾಚಾರ್ಯರ ಅರ್ಧಚ್ಛೇದಕ್ಕೆ ಅನ್ವಯಿಸಿದರೆ ಬರುವ ಫಲಿತಾಂಶ ಎಷ್ಟು ಸ್ವಚ್ಛವಾಗಿದೆಯೆಂದರೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಒಂದು, ಎರಡು, ಮೂರು ಎಂಬ ಎಣಿಕೆಯ ಯಾವ ಸಂಖ್ಯೆಯನ್ನೇ ತೆಗೆದುಕೊಂಡರೂ ಅದರ ಅರ್ಧಚ್ಛೇದವು ಒಂದೋ ಪೂರ್ಣಾಂಕ, ಇಲ್ಲವೇ ಬೀಜಾತೀತ. ನಡುವೆ ಮೂರನೆಯ ಗತಿಯಿಲ್ಲ. ಕೊನೆಗೆ ಒಂದು ಉಳಿಯುವಂತೆ ಅರ್ಧಿಸಬಹುದಾದ ಸಂಖ್ಯೆಗಳು ಆಚಾರ್ಯರ ಗಣನೆಗೆ ಸಲ್ಲುತ್ತವೆ. ಉಳಿದವೆಲ್ಲವೂ ಒಮ್ಮೆಗೇ ಬೀಜಗಣಿತದ ಎಲ್ಲೆಯನ್ನು ದಾಟಿಬಿಡುತ್ತವೆ. ತ್ರಿಕಚ್ಛೇದಕ್ಕೂ ಇದೇ ನಿಯಮ. ಚತುರ್ಥಚ್ಛೇದದಲ್ಲಿ ಮಾತ್ರ ಅರ್ಧಾಂಕಗಳಿಗೆ ಎಡೆಯಿದೆ: ನಾಲ್ಕು ಸ್ವತಃ ಎರಡರ ವರ್ಗವಾದುದರಿಂದ ಎರಡರ ಚತುರ್ಥಚ್ಛೇದ ಅರ್ಧ, ಎಂಟರದು ಒಂದೂವರೆ.

ಇಂಗ್ಲೆಂಡಿನ ಬೇಕರ್ 1966ರಿಂದ ಈ ಸಿದ್ಧಾಂತವನ್ನು ಅನೇಕ ಲಘುಗಣಕಗಳ ಮೊತ್ತಗಳಿಗೆ ವಿಸ್ತರಿಸಿದನು. 1970ರಲ್ಲಿ ಅವನಿಗೆ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಸಂದಿತು.

ಇನ್ನು ಈ ಅಂಕಿಗಳ ಸಾಲಿನ ವಿಷಯ. ಬೀಜಾತೀತವೆಂದ ಮಾತ್ರಕ್ಕೆ ಅಂಕಿಗಳು ಅಸ್ತವ್ಯಸ್ತವಾಗಿರಬೇಕೆಂದು ತಿಳಿಯಬಾರದು. ಲಿಯೂವಿಲ್ ಕೊಟ್ಟ ಸಂಖ್ಯೆಯಲ್ಲಿ ಸೊನ್ನೆ ಮತ್ತು ಒಂದು ಬಿಟ್ಟರೆ ಬೇರೆ ಅಂಕಿಯೇ ಇಲ್ಲ. 1, 2, 6, 24, 120 ಎಂಬ ಸ್ಥಾನಗಳಲ್ಲಿ ಮಾತ್ರ ಒಂದು, ಉಳಿದೆಡೆ ಸೊನ್ನೆ. ಎಷ್ಟು ಶಿಸ್ತು! ಆದರೂ ಅದು ಬೀಜಾತೀತ. ಎರಡರ ಲಘುಗಣಕದ ಅಂಕಿಗಳಲ್ಲಿ ಅಂಥ ಯಾವ ಶಿಸ್ತೂ ಕಣ್ಣಿಗೆ ಬೀಳುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳೂ ಅದರಲ್ಲಿ ಸಮಪ್ರಮಾಣದಲ್ಲಿ ಬರುತ್ತವೆಯೇ? 1909ರಲ್ಲಿ ಬೊರೆಲ್ ಎಂಬ ಗಣಿತಜ್ಞ ಇಂಥ ಸಮತೆಯುಳ್ಳ ಸಂಖ್ಯೆಗಳ ಲಕ್ಷಣವನ್ನು ನಿರೂಪಿಸಿದನು. ಕಂಪ್ಯೂಟರುಗಳು ಎರಡರ ಸ್ವಾಭಾವಿಕ ಲಘುಗಣಕವನ್ನು ಲಕ್ಷ ಕೋಟಿ ದಶಮಾಂಶ ಸ್ಥಾನಗಳನ್ನೂ ಮೀರಿ ಲೆಕ್ಕಹಾಕಿವೆ. ಆದರೂ ಅದರ ಅಂಕಿಗಳಲ್ಲಿ ಆ ಸಮತೆ ಇದೆಯೆಂದು ಯಾರೂ ಇಂದಿನವರೆಗೆ ಸಾಧಿಸಿಲ್ಲ, ಇಲ್ಲವೆಂದೂ ಸಾಧಿಸಿಲ್ಲ. ಲಕ್ಷ ಕೋಟಿ ಅಂಕಿಗಳನ್ನು ಕಣ್ಣಾರೆ ಕಂಡರೂ ಅನಂತದ ಮುಂದೆ ಅದು ಏನೂ ಅಲ್ಲ.

ಇದರ ಜೊತೆಗೆ ಒಂದು ಸಂತೋಷದ ವಿಷಯವೂ ಉಂಟು. ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಬರೆಯುತ್ತಾ ಹೋಗಿ, ಅವುಗಳನ್ನು ಕ್ರಮವಾಗಿ 1, 2, 3, 4 ಮುಂತಾದ ಸಂಖ್ಯೆಗಳಿಂದ ಭಾಗಿಸಿ, ಎಲ್ಲವನ್ನೂ ಕೂಡಿದರೆ ಎರಡರ ಸ್ವಾಭಾವಿಕ ಲಘುಗಣಕ ದೊರೆಯುತ್ತದೆ. ಆರು ಪದಗಳನ್ನು ಕೂಡಿದರೆ 0.6911 ಬರುತ್ತದೆ, ಮುಂದೆ ಮುಂದೆ ಹೋದಂತೆ 0.6931ಕ್ಕೆ ಸಮೀಪಿಸುತ್ತದೆ. 1995ರಲ್ಲಿ ಬೈಲಿ, ಬೋರ್ವೈನ್, ಪ್ಲೂಫ್ ಎಂಬ ಮೂವರು ಇದರ ಒಂದು ವಿಶೇಷವನ್ನು ಕಂಡುಕೊಂಡರು. ದ್ವಿಮಾನ ಪದ್ಧತಿಯಲ್ಲಿ ಬರೆದಾಗ, ಹಿಂದಿನ ಅಂಕಿಗಳನ್ನು ಲೆಕ್ಕಹಾಕದೆಯೇ ಬಹುದೂರದ ಅಂಕಿಯೊಂದನ್ನು ನೇರವಾಗಿ ಪಡೆಯಬಹುದು. ಅರ್ಧಿಸುವ ಕ್ರಿಯೆಯ ಮಹತ್ವ ಇನ್ನೂ ಮುಗಿದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಧರ್ಮಬಂಧುಗಳೇ, ಇಷ್ಟನ್ನು ಕೇಳಿದ ಮೇಲೆ ಸಮಾಜದಲ್ಲಿ ಎರಡು ಬಗೆಯ ಮಾತುಗಳು ಏಳುವುದುಂಟು. ಲಘುಗಣಕವೆಲ್ಲವೂ ಧವಲಾದಲ್ಲಿಯೇ ಇದೆ, ಪರದೇಶದವರು ಹೊಸದಾಗಿ ಕಂಡದ್ದು ಏನೂ ಇಲ್ಲ ಎಂಬುದು ಒಂದು. ಹಳೆಯ ಗ್ರಂಥಗಳಲ್ಲಿ ಗಣಿತವೆಲ್ಲಿಂದ ಬರಬೇಕು, ಇದೆಲ್ಲ ಅಭಿಮಾನದ ಮಾತು ಎಂಬುದು ಇನ್ನೊಂದು. ಎರಡೂ ಏಕಾಂತಗಳೇ. ಅನೇಕಾಂತವನ್ನು ಉಸಿರಾಗಿಸಿಕೊಂಡ ಸಮಾಜವು ಯಾವ ಏಕಾಂತಕ್ಕೂ ಶರಣಾಗಬಾರದು.

ಸತ್ಯ ಇಷ್ಟು. ಸ್ಕಾಟ್ಲೆಂಡಿನ ನೇಪಿಯರ್ ತನ್ನ ಲಘುಗಣಕಗಳನ್ನು ಪ್ರಕಟಿಸಿದ್ದು 1614ರಲ್ಲಿ. ಅದಕ್ಕೆ ಸುಮಾರು 800 ವರ್ಷಗಳಷ್ಟು ಮೊದಲೇ ವೀರಸೇನಾಚಾರ್ಯರ ಗ್ರಂಥದಲ್ಲಿ ಎರಡು, ಮೂರು, ನಾಲ್ಕರ ಆಧಾರದ ಛೇದಗಣಿತವೂ ಅದರ ಮುಖ್ಯ ನಿಯಮಗಳೂ ಇದ್ದವು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಲ್ಲ ಸಂಖ್ಯೆಗಳಿಗೂ ಬೆಲೆ ಕೊಡುವ ಕೋಷ್ಟಕವಾಗಲೀ ದಶಮಾಂಶ ವಿಸ್ತರಣೆಯಾಗಲೀ ಧವಲಾದಲ್ಲಿ ಇಲ್ಲ. ಅದು ಬೇರೆ ಪರಿಶ್ರಮದ ಫಲ. ಇಂಗ್ಲೆಂಡಿನ ಬ್ರಿಗ್ಸ್ 1615ರಲ್ಲಿ ನೇಪಿಯರನನ್ನು ಕಾಣಲು ಎಡಿನ್‌ಬರೋವರೆಗೆ ಪ್ರಯಾಣ ಮಾಡಿ, ಹತ್ತನ್ನು ಆಧಾರವಾಗಿಟ್ಟುಕೊಳ್ಳುವ ವಿಷಯವನ್ನು ಚರ್ಚಿಸಿ, ಆಮೇಲೆ ವರ್ಷಗಟ್ಟಲೆ ಲೆಕ್ಕಹಾಕುತ್ತಾ ಕುಳಿತನು. ಹತ್ತರ ವರ್ಗಮೂಲ, ಅದರ ವರ್ಗಮೂಲ ಎಂದು ಒಟ್ಟು 54 ಸಲ ವರ್ಗಮೂಲಗಳನ್ನು ಕೈಯಿಂದಲೇ ತೆಗೆದನು. ಒಂದೊಂದು ವರ್ಗಮೂಲಕ್ಕೂ ಲಘುಗಣಕವು ಅರ್ಧವಾಗುತ್ತಾ ಹೋಗುತ್ತದೆ. 1624ರಲ್ಲಿ ಅವನು ಪ್ರಕಟಿಸಿದ ಕೋಷ್ಟಕದಲ್ಲಿ 30,000 ಸಂಖ್ಯೆಗಳ ಲಘುಗಣಕಗಳು 14 ದಶಮಾಂಶ ಸ್ಥಾನಗಳವರೆಗೆ ಇದ್ದವು. ಇಂಥ ತಪಸ್ಸನ್ನು ಗೌರವಿಸದವನು ಜ್ಞಾನವನ್ನು ಗೌರವಿಸಿದಂತಾಗುವುದಿಲ್ಲ. ಪರರ ಸಾಧನೆಯನ್ನು ತನ್ನದೆನ್ನುವುದು ಅಚೌರ್ಯಕ್ಕೂ ಸತ್ಯಕ್ಕೂ ಏಕಕಾಲದಲ್ಲಿ ಭಂಗ ತರುವ ಕೆಲಸ. ಆಚಾರ್ಯರ ಕೀರ್ತಿಗೆ ಅದರ ಅಗತ್ಯವೂ ಇಲ್ಲ. ಅವರು ಮಾಡಿದುದೇ ಅವರ ಕೀರ್ತಿಗೆ ಸಾಕು.

ಆಯ್ಲರನ ಉದಾಹರಣೆಯನ್ನು ಇಲ್ಲಿ ಮತ್ತೆ ಸ್ಮರಿಸಬೇಕು. ಲಘುಗಣಕಗಳು ಬೀಜಾತೀತವೆಂದು ಅವನು 1748ರಲ್ಲಿ ನುಡಿದ ಮಾತು ಕೊನೆಗೆ ಸತ್ಯವೇ ಆಯಿತು. ಆದರೂ ಅಂಥ ಮಹಾಪುರುಷನ ಮಾತೆಂದು ಗಣಿತಲೋಕ ಅದನ್ನು ಸಿದ್ಧಾಂತವೆಂದು ಸ್ವೀಕರಿಸಲಿಲ್ಲ. ಪ್ರಮಾಣ ದೊರೆಯುವವರೆಗೆ 186 ವರ್ಷ ಕಾಯಿತು. ಹೇಳಿದ್ದು ಬೇರೆ, ಸಾಧಿಸಿದ್ದು ಬೇರೆ. ಪ್ರಮಾಣ ನಯಗಳಿಂದ ವಸ್ತುವನ್ನು ಅರಿಯಬೇಕೆಂದು ಉಪದೇಶಿಸಿದ ಜೈನ ನ್ಯಾಯಕ್ಕೆ ಈ ಶಿಸ್ತು ಹೊಸದೇನಲ್ಲ. ಪೂರ್ವಾಚಾರ್ಯರ ವಿಷಯದಲ್ಲಿ ಮಾತನಾಡುವಾಗಲೂ ಅದೇ ಶಿಸ್ತು ಇರಬೇಕು. ಓಲೆಯಲ್ಲಿ ಇರುವುದನ್ನು ಇದೆಯೆಂದು ಹೇಳಬೇಕು, ಇಲ್ಲದುದನ್ನು ಇಲ್ಲವೆಂದು ಹೇಳುವ ಧೈರ್ಯ ಇರಬೇಕು.

ಓಲೆಯ ಮಾತು ಬಂದುದರಿಂದ ಒಂದು ಕರ್ತವ್ಯದ ವಿಷಯ. ಧವಲಾದ ತಾಡವೋಲೆಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡಬಿದಿರೆಯ ಗುರುಬಸದಿಯಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ಆ ಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರೂ ಉಂಟು. ಕನ್ನಡನಾಡಿನ ಶ್ರಾವಕರು ಅವುಗಳನ್ನು ಪೂಜಿಸಿದರು, ಕಾಪಾಡಿದರು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗುವವರೆಗೂ ಹೊರಗಿನ ವಿದ್ವಾಂಸರಿಗೆ ಅವು ದರ್ಶನಮಾತ್ರಕ್ಕೆ ಇದ್ದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ, ಮುಂದೆ ಒಟ್ಟು 16 ಸಂಪುಟಗಳು ಹೊರಬಂದವು. ಆಗಲೇ ಅರ್ಧಚ್ಛೇದವೆಂಬುದು ಏನೆಂದು ಜಗತ್ತಿಗೆ ತಿಳಿದದ್ದು. ಪೂಜೆ ಓಲೆಯನ್ನು ಉಳಿಸಿತು, ಅಧ್ಯಯನ ಅದರ ಅರ್ಥವನ್ನು ಉಳಿಸಿತು. ಎರಡರಲ್ಲಿ ಒಂದು ತಪ್ಪಿದ್ದರೂ ಇಂದು ಈ ಮಾತುಗಳಿಗೆ ಆಸ್ಪದವಿರುತ್ತಿರಲಿಲ್ಲ.

ನೃಪತುಂಗ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿ 24 ಅಂಕಿಸ್ಥಾನಗಳಿಗೆ ಹೆಸರಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು. ಗಣಿತಸಾರಸಂಗ್ರಹವು ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟವಾಯಿತು, ಡಾ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ರಲ್ಲಿ ಹೊಂಬುಜದಿಂದ ಹೊರಬಂದಿತು. ಇಂಥ ಕೆಲಸಕ್ಕೆ ಪ್ರಾಕೃತವನ್ನೂ ಗಣಿತವನ್ನೂ ಒಟ್ಟಿಗೆ ಬಲ್ಲವರು ಬೇಕು. ಸಮಾಜದಲ್ಲಿ ಎಂಜಿನಿಯರಾಗುವ, ಲೆಕ್ಕಪರಿಶೋಧಕರಾಗುವ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರಾದರೂ ಗೊಮ್ಮಟಸಾರದ ಒಂದು ಗಾಥೆಯನ್ನು ಅಂಕಿಯಿಟ್ಟು ಬಿಡಿಸಿ ನೋಡುವಂತಾಗಬೇಕು. ಬಸದಿಯ ಪಾಠಶಾಲೆಯಲ್ಲಿ ಪೂಜಾವಿಧಿಯೊಡನೆ ಅರ್ಧಚ್ಛೇದದ ಒಂದು ಲೆಕ್ಕವೂ ಬಂದರೆ ಮಕ್ಕಳು ಆಗಮವನ್ನು ಹೊಸ ಕಣ್ಣಿನಿಂದ ನೋಡಿಯಾರು. ಹೊಸ ಜಿನಾಲಯ ನಿರ್ಮಾಣವಾದಲ್ಲೆಲ್ಲ ಒಂದು ಶಾಸ್ತ್ರಭಂಡಾರವೂ, ಅದನ್ನು ತೆರೆದು ಓದುವ ನಾಲ್ಕು ಜನರೂ ಇರಲಿ.

ಕೇವಲಜ್ಞಾನ ಕಲ್ಯಾಣದ ದಿನಕ್ಕೆ ತಕ್ಕ ಇನ್ನೊಂದೇ ಮಾತು ಉಳಿದಿದೆ. ಕೇವಲಜ್ಞಾನವು ಸಕಲ ದ್ರವ್ಯಗಳನ್ನೂ ಅವುಗಳ ಅನಂತ ಪರ್ಯಾಯಗಳೊಡನೆ ಏಕಕಾಲದಲ್ಲಿ ಪ್ರತ್ಯಕ್ಷವಾಗಿ ಅರಿಯುತ್ತದೆ. ಛದ್ಮಸ್ಥನಾದ ಮನುಷ್ಯನಿಗೆ ಆ ಶಕ್ತಿಯಿಲ್ಲ. ಎರಡರ ಲಘುಗಣಕದ ಅಂಕಿಗಳನ್ನು ಅವನು ಒಂದೊಂದಾಗಿ ಕಾಣಬಲ್ಲನು. ಎಷ್ಟು ಕಂಡರೂ ಕಾಣದಿರುವುದೇ ಅನಂತ. ಆದರೂ ಆ ಸಾಲಿಗೆ ಕೊನೆಯಿಲ್ಲವೆಂದು, ಅದು ಎಂದಿಗೂ ಸುತ್ತು ತಿರುಗುವುದಿಲ್ಲವೆಂದು, ಯಾವ ಸಮೀಕರಣಕ್ಕೂ ಅದು ಒಳಪಡುವುದಿಲ್ಲವೆಂದು ಅವನು ನಿಸ್ಸಂದೇಹವಾಗಿ ಅರಿತಿದ್ದಾನೆ. ಕಣ್ಣಿನಿಂದ ಅರಿತದ್ದಲ್ಲ, ಯುಕ್ತಿಯಿಂದ ಅರಿತದ್ದು. ಸ್ಯಾದ್ವಾದವೂ ಕೇವಲಜ್ಞಾನವೂ ಎರಡೂ ತತ್ತ್ವವನ್ನು ಬೆಳಗುತ್ತವೆ, ಒಂದು ಪರೋಕ್ಷವಾಗಿ, ಇನ್ನೊಂದು ಪ್ರತ್ಯಕ್ಷವಾಗಿ, ಅಷ್ಟೇ ಭೇದ ಎಂಬುದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ತಿಳಿಸಿದ ಅಭಿಪ್ರಾಯ. ಪರೋಕ್ಷಜ್ಞಾನಕ್ಕೆ ಎಂಥ ಸಾಮರ್ಥ್ಯವಿದೆ, ಅದರ ಮಿತಿ ಎಲ್ಲಿದೆ ಎಂಬೆರಡನ್ನೂ ಈ ಸಣ್ಣ ಸಂಖ್ಯೆ ಒಟ್ಟಿಗೆ ತೋರಿಸುತ್ತದೆ. ಸಾಮರ್ಥ್ಯವನ್ನು ಕಂಡು ಪುರುಷಾರ್ಥ ಹೆಚ್ಚಲಿ. ಮಿತಿಯನ್ನು ಕಂಡು ಮಾನಕಷಾಯ ಕುಗ್ಗಲಿ.

ಪ್ರತಿಷ್ಠಾ ಕಾರ್ಯಗಳೆಲ್ಲವೂ ನಿರ್ವಿಘ್ನವಾಗಿ ನೆರವೇರಲಿ. ಸಮಾಜದಲ್ಲಿ ಸ್ವಾಧ್ಯಾಯದ ಪರಂಪರೆ ಬೆಳೆಯಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.

ಜೈ ಜಿನೇಂದ್ರ.